ಬೀದರಿನಲ್ಲಿ ಬಿದ್ರಿ ಉಡುಗೊರೆ ಕೊಳ್ಳಲು ಅರ್ಧ ಗಂಟೆ ಸಾಕೇ?

ಕೋಟೆ ನೋಡಿ ಮುಗಿಸಿ, ರೈಲು ಹತ್ತುವ ಮುಂಚಿನ ಅರ್ಧ ಗಂಟೆಯಲ್ಲಿ ಗೆಳತಿಯ ಮದುವೆಗೆ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬಿದ್ರಿ ಹೂದಾನಿಯೊಂದನ್ನು ಕೊಳ್ಳಬೇಕು, ಎಷ್ಟು ಚೌಕಾಸಿ ಮಾಡಬಹುದು ಎಂದು ಕೇಳಿದ್ದೀರಿ. ಅರ್ಧ ಗಂಟೆ ಸಾಲದು. ನಾನೂ ಹೀಗೆಯೇ, ಅಕ್ಕನ ಮಗಳ ಮದುವೆಗೆಂದು, ಬಸ್ಸಿನ ಹೊತ್ತಾಗುವಾಗ ಹಳೇ ಊರಿನ ಚೌಬಾರಾ ಎಂಬ ಕಾವಲು ಗೋಪುರದ ಹತ್ತಿರದ ಅಂಗಡಿಯೊಂದಕ್ಕೆ ನುಗ್ಗಿದ್ದೆ.

ಚಿಕ್ಕ ಅಂಗಡಿ. ಗಾಜಿನ ಕಪಾಟಿನ ತುಂಬ ಹೂಜಿ, ಹೂದಾನಿ, ಪಾನ್‌ದಾನ್, ಆನೆ, ಬಳೆ, ಕಿವಿಯೋಲೆ. ಎಲ್ಲವೂ ಕಡುಗಪ್ಪು, ಎಲ್ಲದರ ಮೇಲೂ ಬೆಳ್ಳಿಯ ಬಳ್ಳಿ. ಹಿಂದಿನ ಕೋಣೆಯಿಂದ ಸಣ್ಣಗೆ ಕುಟ್ಟುವ ಸದ್ದು ಬರುತ್ತಿತ್ತು. ‘ಕೆಲಸ ನಡೆದಿದೆ, ಒಳಗೆ ಬಂದು ನೋಡಿರಿ’ ಎಂದು ಅಂಗಡಿಯ ಹಿರಿಯರು ಕರೆದರು. ನಾನು ಬೆಲೆ ಕೇಳಿದೆ. ಅವರು ಹೇಳಿದ್ದಕ್ಕಿಂತ ಕಡಿಮೆಗೆ ಕೇಳಿ, ಗೆದ್ದು, ಹಣ ಕೊಟ್ಟೆ. ಪೊಟ್ಟಣ ಕಟ್ಟುತ್ತಾ ಅದನ್ನು ಹೇಗೆ ಒರೆಸಿ ಇಡಬೇಕೆಂದು ಅವರು ಹೇಳತೊಡಗಿದ್ದರು. ಆ ಮಾತು ಮುಗಿಯುವ ಮೊದಲೇ ನಾನು ಮೆಟ್ಟಿಲಿಳಿದಿದ್ದೆ.

ಮದುವೆಯ ಹಿಂದಿನ ದಿನ ಪೊಟ್ಟಣ ಬಿಚ್ಚಿದರೆ ಬೆಳ್ಳಿ ಮಂಕಾಗಿತ್ತು. ನಮ್ಮ ಮನೆಯಲ್ಲಿ ದೀಪದ ಕಂಬದಿಂದ ಹಿಡಿದು ತಾಮ್ರದ ತಂಬಿಗೆಯವರೆಗೆ ಎಲ್ಲಕ್ಕೂ ಒಂದೇ ಮದ್ದು, ಹುಣಸೆಹಣ್ಣು. ನೆನೆಸಿದ ಹುಣಸೆಹಣ್ಣು ಹಚ್ಚಿ ಚೆನ್ನಾಗಿ ಉಜ್ಜಿದೆ. ತೊಳೆದು ನೋಡಿದಾಗ ಹೂದಾನಿಯ ಕಂಠದ ಸುತ್ತ ಕಪ್ಪು ಹೋಗಿ ಬೂದು ಬಣ್ಣದ ತೇಪೆಗಳು ಎದ್ದಿದ್ದವು. ಕಪ್ಪು ಹೋದ ಕಡೆಯಲ್ಲೆಲ್ಲ ಬೆಳ್ಳಿಯ ಬಳ್ಳಿಯೂ ಕಾಣದಂತಾಗಿತ್ತು.

ಇದು ಯಾಕಾಯಿತು ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಗೆಳತಿಯ ಮನೆಯಲ್ಲೂ ಹುಣಸೆಹಣ್ಣು ಇರುತ್ತದೆ. ಬಿದ್ರಿಯ ಮೈ ಸತುವಿನದು. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಆ ಲೋಹದ ಸಹಜ ಬಣ್ಣ ಬೂದು. ಕಪ್ಪು ಎಂಬುದು ಕೊನೆಯ ಹಂತದಲ್ಲಿ ಅದರ ಮೈಮೇಲೆ ಹುಟ್ಟಿಸಿದ ತೆಳುವಾದ ಪದರ. ತಾಮ್ರದ ತಂಬಿಗೆಗೆ ಹುಳಿ ಹಚ್ಚಿದರೆ ಕಿಲುಬು ಹೋಗಿ ಅದರ ನಿಜ ಬಣ್ಣ ಹೊಳೆಯುತ್ತದೆ. ಬಿದ್ರಿಗೆ ಹುಳಿ ಹಚ್ಚಿದರೆ ಆ ಕಪ್ಪು ಪದರವೇ ಕಿತ್ತುಹೋಗುತ್ತದೆ, ಕೆಳಗಿನ ಸತುವನ್ನೂ ಹುಳಿ ತಿನ್ನುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ, ಆದರೆ ಬೂದು ಲೋಹದ ನಡುವೆ ಬೆಳ್ಳಿಗೆರೆ ಕಣ್ಣಿಗೆ ಕಾಣುವುದಾದರೂ ಹೇಗೆ? ಹಾಗಾಗಿ ಹುಣಸೆ, ನಿಂಬೆ, ವಿನೆಗರ್, ಪಾತ್ರೆ ತೊಳೆಯುವ ಪುಡಿ, ಬೂದಿ ಯಾವುದೂ ಬೇಡ. ಮೆತ್ತನೆಯ ಹತ್ತಿ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಕಪ್ಪು ಇನ್ನಷ್ಟು ಕಪ್ಪಾಗಿ ಬೆಳ್ಳಿ ಎದ್ದು ಕಾಣುತ್ತದೆ. ಹೂದಾನಿ ಎಂದು ಹೆಸರಿದ್ದರೂ ಅದರಲ್ಲಿ ನೀರು ನಿಲ್ಲಿಸಬೇಡಿ. ಒಣ ಹೂವು ಇಡಿ.

ಮದುವೆಯಲ್ಲಿ ಬೇರೇನನ್ನೋ ಕೊಟ್ಟೆವು. ಅಂಗಡಿಗೆ ಫೋನ್ ಮಾಡಿದಾಗ ಆ ಹಿರಿಯರು ಒಂದು ಮಾತನ್ನೂ ಆಡಿ ತೋರಿಸಲಿಲ್ಲ. ‘ಮತ್ತೇನೂ ಹಚ್ಚಬೇಡಿ, ತನ್ನಿ, ಸರಿ ಮಾಡೋಣ’ ಎಂದರು. ಆಗ ಹೋದವನು ಆ ಹಿಂದಿನ ಕೋಣೆಯಲ್ಲಿ ಹೊತ್ತು ಮುಳುಗುವವರೆಗೂ ಕುಳಿತಿದ್ದೆ.

ಎರಕ ತೆಗೆದು ಅರದಿಂದ ನಯ ಮಾಡಿದ ಪಾತ್ರೆಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀರಿದ ಗೆರೆ ಕಾಣಲೆಂದು. ಅಚ್ಚಿಲ್ಲದೆ, ಬರಿಗೈಯಲ್ಲಿ, ಮೊನೆಯಿಂದ ಹೂಬಳ್ಳಿ ಬರೆಯುತ್ತಾರೆ. ಆಮೇಲೆ ಪುಟ್ಟ ಉಳಿಗಳಿಂದ ಆ ಗೆರೆಗಳನ್ನು ಕೊರೆದು ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಕುಟ್ಟುತ್ತಾರೆ. ನಾನು ಅಂದು ಕೇಳಿದ್ದು ಆ ಕುಟ್ಟುವ ಸದ್ದು. ತಂತಿಯ ಕೆಲಸಕ್ಕೆ ತಾರಕಶಿ ಎನ್ನುತ್ತಾರೆ. ಮತ್ತೆ ಉಜ್ಜಿ ನಯ ಮಾಡಿದಾಗ ತಾತ್ಕಾಲಿಕ ಕಪ್ಪೆಲ್ಲ ಹೋಗಿ, ಇಷ್ಟು ಹೊತ್ತಿನ ದುಡಿಮೆ ಅಳಿಸಿಹೋಯಿತೇನೋ ಎನ್ನಿಸುತ್ತದೆ. ಕೊನೆಗೆ ಬರುವುದು ಬೀದರ್ ಕೋಟೆಯ ಮಣ್ಣು. ಬಿಸಿಲು ಮಳೆ ಕಾಣದ ಹಳೆಯ ಜಾಗಗಳಿಂದ ತಂದ ಮಣ್ಣು. ಒಳ್ಳೆಯದೋ ಅಲ್ಲವೋ ಎಂದು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಅದಕ್ಕೆ ನವಸಾಗರ (ಅಮೋನಿಯಂ ಕ್ಲೋರೈಡ್) ಮತ್ತು ನೀರು ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಿದ್ದಂತೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನನ್ನ ಹೂದಾನಿಯ ಬಳ್ಳಿ ನನ್ನ ಕಣ್ಣೆದುರೇ ಹಾಗೆ ಮರಳಿ ಮೂಡಿತು. ಎಷ್ಟೋ ಊರುಗಳ ಎಷ್ಟೋ ಅಂಗಡಿಗಳಲ್ಲಿ ಸಾಮಾನು ಕೊಂಡಿದ್ದೇನೆ. ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ.

ಆದ್ದರಿಂದ ನಿಮ್ಮ ದಿನವನ್ನೇ ತಿರುಗಿಸಿ. ಬೆಳಿಗ್ಗೆ ಮೊದಲು ಅಂಗಡಿಗೆ ಹೋಗಿ, ಹಿಂದೆ ಕೆಲಸದ ಕೋಣೆ ಇರುವ ಅಂಗಡಿಗೆ. ನೋಡಿ, ಕೇಳಿ, ಏನನ್ನೂ ಕೊಳ್ಳದೆ ಹೊರಡಿ. ಆಮೇಲೆ ಕೋಟೆಗೆ ಹೋಗಿ, ರಂಗೀನ್ ಮಹಲಿನ ಒಳಗೆ ಬಿಡುವಂತೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ. 16ನೇ ಶತಮಾನದ ಬರೀದಶಾಹಿ ಅರಸ ಅಲಿ ಬರೀದನ ಕಾಲದ ಆ ಕೋಣೆಗಳಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಕಪ್ಪಿನ ಮೇಲೆ ಬಿಳಿ ಹೊಳಪು, ಬಿದ್ರಿಯ ರುಚಿಯೇ ಅದು. ಅದನ್ನು ಕಂಡ ಮೇಲೆ ಅಂಗಡಿಗೆ ಮರಳಿದರೆ ಯಾವುದು ಒಳ್ಳೆಯ ಕೆಲಸ ಎಂದು ನಿಮ್ಮ ಕಣ್ಣೇ ಹೇಳುತ್ತದೆ. ಬಹಮನಿ ಮಂತ್ರಿ ಮಹಮೂದ್ ಗಾವಾನನ 1472ರ ಮದರಸಾ ಕೂಡ ಚೌಬಾರಾಕ್ಕೂ ಕೋಟೆಗೂ ನಡುವಿನ ದಾರಿಯಲ್ಲೇ ಸಿಗುತ್ತದೆ. ಶುಕ್ರವಾರವಾದರೆ ಮಧ್ಯಾಹ್ನದ ನಮಾಜಿನ ಹೊತ್ತನ್ನು ಬಿಟ್ಟು ಹೋಗಿ.

ಇನ್ನು ಚೌಕಾಸಿ. ಮಾಡಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳ್ಳಿಯ ಬೆಲೆ ಅವರ ಕೈಯಲ್ಲಿಲ್ಲ. ನೀವು ಇಳಿಸುವ ಪ್ರತಿ ರೂಪಾಯಿ ಉಳಿ ಹಿಡಿದವನ ಕೂಲಿಯಿಂದಲೇ ಹೋಗುತ್ತದೆ. ಬಿದ್ರಿಗೆ 2006ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು, 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇಷ್ಟಾದರೂ ಆ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಕುಳಿತವರ ಮಕ್ಕಳು ಈ ಕೆಲಸಕ್ಕೆ ಬರುತ್ತಾರೆಂದು ನನಗೆ ನಂಬಿಕೆಯಿಲ್ಲ, ಮತ್ತು ಅದಕ್ಕೆ ಕಾರಣ ನಮ್ಮಂಥ ಗಿರಾಕಿಗಳು. ಹಣ ಕಡಿಮೆಯಿದ್ದರೆ ದೊಡ್ಡದರ ಬೆಲೆ ಇಳಿಸುವ ಬದಲು ಚಿಕ್ಕದನ್ನು ಕೊಳ್ಳಿ. ಮದುಮಗಳಿಗೆ ತಾರಕಶಿ ಮಾಡಿದ ಒಂದು ಜೊತೆ ಕಿವಿಯೋಲೆಯೋ ಪುಟ್ಟ ಕುಂಕುಮದ ಡಬ್ಬಿಯೋ ಚೆನ್ನಾಗಿರುತ್ತದೆ. ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ. ಗೆರೆ ಎಲ್ಲೂ ತುಂಡಾಗದೆ ಹರಿದಿರುವುದನ್ನು ಆರಿಸಿ, ಹೇಳಿದ ಬೆಲೆ ಕೊಟ್ಟು ಬನ್ನಿ.