ಜಗಳ ಇದೆ, ಹೊರಗೆ ಕಾಣುವುದಿಲ್ಲ ಅಷ್ಟೇ

ಓದುಗರ ಪತ್ರ: "ಎರೆಹುಳು, ಬಸವನಹುಳುಗಳಲ್ಲಿ ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಹಾಗಾದರೆ ಹೆಣ್ಣಿಗಾಗಿ ಗಂಡುಗಳು ಪೈಪೋಟಿ ನಡೆಸುವ ಮಾತೇ ಅವುಗಳಲ್ಲಿ ಇಲ್ಲ, ಅಲ್ವಾ?"

ಸಂಪಾದಕರ ಉತ್ತರ: ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಕೊಂಬಿಗೆ ಕೊಂಬು ತಾಗಿಸುವ ಜಗಳ ಇಲ್ಲ, ನಿಜ. ಆದರೆ ಪೈಪೋಟಿ ಇದ್ದೇ ಇದೆ. ಅದು ಕೂಡಿದ ಮೇಲೆ, ಮೈಯೊಳಗೆ ನಡೆಯುತ್ತದೆ.

ಬಸವನಹುಳು ಒಂದಕ್ಕಿಂತ ಹೆಚ್ಚು ಸಂಗಾತಿಗಳ ಜೊತೆ ಕೂಡುತ್ತದೆ. ಪಡೆದ ವೀರ್ಯವನ್ನು ಕೂಡಿಟ್ಟುಕೊಂಡು ಮೊಟ್ಟೆಗೆ ಆಮೇಲೆ ಬಳಸುತ್ತದೆ. ಹಾಗಾಗಿ ಒಂದೇ ಮೊಟ್ಟೆಗೆ ಬೇರೆ ಬೇರೆ ತಂದೆಯರ ವೀರ್ಯಾಣುಗಳು ಕಾದಿರುತ್ತವೆ. ಇದೇ ವೀರ್ಯ ಪೈಪೋಟಿ. ಕೀಟಗಳನ್ನು ನೋಡಿ ಜೀವವಿಜ್ಞಾನಿ ಜೆಫ್ ಪಾರ್ಕರ್ 1970ರಲ್ಲಿ ಈ ವಿಚಾರ ಮುಂದಿಟ್ಟರು. ಗಂಡೂ ಹೆಣ್ಣೂ ಒಂದೇ ಮೈಯಲ್ಲಿರುವ ಇಂಥ ದ್ವಿಲಿಂಗಿಗಳ ಲೆಕ್ಕವನ್ನು 1979ರಲ್ಲಿ ಎರಿಕ್ ಚಾರ್ನೋವ್ ಬಿಡಿಸಿದರು.

ಆ ಲೆಕ್ಕ ಸ್ವಾರಸ್ಯವಾಗಿದೆ. ದ್ವಿಲಿಂಗಿಗೆ ವರಮಾನ ಒಂದೇ, ಖರ್ಚು ಎರಡು ಕಡೆ. ವೃಷಣಕ್ಕೆ ಎಷ್ಟು, ಅಂಡಾಶಯಕ್ಕೆ ಎಷ್ಟು? ಇಬ್ಬರೇ ಇದ್ದು, ಬೇರೆ ಯಾರೂ ಇಲ್ಲದಿದ್ದರೆ ರಾಶಿ ವೀರ್ಯ ಮಾಡುವುದು ದಂಡ. ಅಣ್ಣತಮ್ಮಂದಿರೇ ಓಟಕ್ಕೆ ನಿಂತ ಹಾಗೆ. ಯಾರು ಗೆದ್ದರೂ ಬಹುಮಾನ ಅದೇ ಮನೆಗೆ. ಉಳಿದದ್ದನ್ನು ಮೊಟ್ಟೆಗೆ ಹಾಕುವುದೇ ಜಾಣತನ. ಎದುರಾಳಿಗಳು ಜಾಸ್ತಿಯಾದರೆ ವೃಷಣಕ್ಕೆ ಪಾಲು ಏರಬೇಕು.

ಏರುತ್ತದೆಯೇ? ಮ್ಯಾಕ್ರೋಸ್ಟೋಮಮ್ ಎಂಬ ಪುಟ್ಟ ಚಪ್ಪಟೆ ಹುಳು ಇದೆ. ಮೈ ಗಾಜಿನಷ್ಟು ಪಾರದರ್ಶಕ. ಕೊಯ್ಯಬೇಕಿಲ್ಲ, ಬದುಕಿರುವಾಗಲೇ ಸೂಕ್ಷ್ಮದರ್ಶಕದಲ್ಲಿಟ್ಟು ವೃಷಣ ಅಳೆಯಬಹುದು. ಲೂಕಾಸ್ ಷೇರರ್ ಮತ್ತು ಪೀಟರ್ ಲಾಡುರ್ನರ್ 2003ರಲ್ಲಿ ತೋರಿಸಿದಂತೆ, ಗುಂಪಿನಲ್ಲಿ ಬೆಳೆದ ಹುಳುಗಳ ವೃಷಣ ಜೋಡಿಯಾಗಿ ಬೆಳೆದವುಗಳಿಗಿಂತ ದೊಡ್ಡದು.

ಪಡೆಯುವವರೂ ಸುಮ್ನೆ ಕೂರುವುದಿಲ್ಲ. ಕೂಡಿದ ಮೇಲೆ ಈ ಹುಳು ಎಷ್ಟೋ ಸಲ ಮೈ ಮಡಿಸಿ, ತನ್ನ ಹೆಣ್ಣು ದ್ವಾರಕ್ಕೇ ಬಾಯಿಟ್ಟು ಹೀರುತ್ತದೆ. ಬಂದ ವೀರ್ಯವನ್ನು ಹೊರಗೆಳೆಯಲು ಇರಬೇಕು ಎಂಬುದು ಊಹೆ. ಅದರ ವೀರ್ಯಾಣುಗಳಿಗೆ ಗಡುಸಾದ ಮುಳ್ಳುಕೂದಲುಗಳಿವೆ. ಹೀರಿದರೂ ಅಲುಗದೆ ಕಚ್ಚಿಕೊಳ್ಳಲು ಅಂತ ಅನ್ನಿಸುತ್ತದೆ. ನನಗಂತೂ ಈ ಹಗ್ಗಜಗ್ಗಾಟ ಯಾವ ಕೊಂಬಿನ ಕಾಳಗಕ್ಕೂ ಕಡಿಮೆಯಲ್ಲ.

ಕೊನೆಗೆ, ಪ್ರೇಮಬಾಣದ ವಿಚಾರ. ಮನ್ಮಥನದು ಹೂವಿನ ಬಾಣ, ತೋಟದ ಬಸವನಹುಳುವಿನದು ಸುಣ್ಣದ್ದು. ಕೂಡುವ ಮುಂಚೆ ಸಂಗಾತಿಯ ಮೈಗೆ ಚುಚ್ಚುತ್ತದೆ. ಎಷ್ಟೋ ಸಲ ಗುರಿ ತಪ್ಪುವುದೂ ಉಂಟು! ಈ ಬಾಣದಲ್ಲಿ ವೀರ್ಯ ಇರುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಅಚ್ಚಾಗಿತ್ತು. ಅದು ನಮ್ಮ ತಪ್ಪು. ಇರುವುದು ಲೋಳೆ. ಪಡೆದ ವೀರ್ಯದಲ್ಲಿ ಹೆಚ್ಚಿನ ಪಾಲನ್ನು ಬಸವನಹುಳು ಒಂದು ಚೀಲಕ್ಕೆ ಕಳಿಸಿ ಅರಗಿಸಿಬಿಡುತ್ತದೆ. ಲೋಳೆಯು ಆ ಚೀಲದ ದಾರಿಯನ್ನು ಬಿಗಿ ಮಾಡುತ್ತದೆ. ಅಷ್ಟು ಹೊತ್ತಿಗೆ ಒಂದಿಷ್ಟು ಹೆಚ್ಚು ವೀರ್ಯಾಣುಗಳು ಉಗ್ರಾಣ ಸೇರಿರುತ್ತವೆ. ಬಾಣ ಸರಿಯಾಗಿ ನಾಟಿಸಿದ ಬಸವನಹುಳುವಿಗೆ ಮರಿಗಳು ಜಾಸ್ತಿ.