ನಗಿಸಿದ ಪುಸ್ತಕವನ್ನು ಬೇರೆಯವರು ಬೈದಾಗ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಕಾದಂಬರಿಯ ಹೆಸರು ಬಿಟ್ಟಿದ್ದೇನೆ, ಕಥೆಯನ್ನೂ ತುಸು ಮಾರ್ಪಡಿಸಿದ್ದೇನೆ.)

ಅರವತ್ತರ ಹತ್ತಿರದ ಗಂಡಸೊಬ್ಬರನ್ನು ಅವರ ಮಗಳು ಒತ್ತಾಯಿಸಿ ಆಪ್ತಸಲಹೆಗೆಂದು ನನ್ನ ಬಳಿ ಕಳಿಸಿದ್ದರು. ಕೂತವರೇ, "ಒಂದು ಪುಸ್ತಕದ ವಿಷಯಕ್ಕೆ ಜಗಳ ಮಾಡ್ಕೊಂಡೆ ಮೇಡಂ. ಇದಕ್ಕೆಲ್ಲ ಆಪ್ತಸಲಹೆ ಬೇಕಾ?" ಎಂದರು. ಜಗಳ ನಡೆದದ್ದು ತಿಂಗಳಿಗೊಮ್ಮೆ ಸೇರುವ ಓದುಗರ ಬಳಗದಲ್ಲಿ. ಆ ತಿಂಗಳ ಪುಸ್ತಕ ಒಂದು ಲಘು ಪ್ರೇಮಹಾಸ್ಯ ಕಾದಂಬರಿ. ಒಂದೇ ಕಚೇರಿಯಲ್ಲಿ ಕೆಲಸ ಮಾಡುವ, ಒಬ್ಬರನ್ನು ಕಂಡರೆ ಒಬ್ಬರಿಗಾಗದ ಇಬ್ಬರು, ಏನೋ ಕಾರಣಕ್ಕೆ ಪ್ರೇಮಿಗಳಂತೆ ನಟಿಸಬೇಕಾಗುತ್ತದೆ. ನಟನೆ ನಿಜವಾಗುತ್ತದೆ. ನಡುವೆ ಒಂದು ತಪ್ಪು ತಿಳಿವಳಿಕೆ, ಕೊನೆಗೆ ಮದುವೆ.

ಬಳಗದಲ್ಲಿ ಅಭಿಪ್ರಾಯಗಳು ಬೇರೆ ಬೇರೆ ದಿಕ್ಕಿಗೆ ಹೋದವು. ಇಬ್ಬರು ಮೂವರು ಒಂದೇ ಪಟ್ಟಿಗೆ ಓದಿ ಮುಗಿಸಿದ್ದರು, ಸಂಭಾಷಣೆಗಳನ್ನು ಹೊಗಳಿದರು. ಒಬ್ಬರಿಗೆ ನಾಯಕಿಗಿಂತ ಅವಳ ಗೆಳತಿಯೇ ಹೆಚ್ಚು ಜೀವಂತ ಅನಿಸಿದ್ದಳು. ಇನ್ನೊಬ್ಬರು, "ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿದ್ದ ಗೊಂದಲವನ್ನು ಕಾಲು ಭಾಗ ಪುಸ್ತಕ ಎಳೆದಿದ್ದಾರೆ" ಎಂದರು. ಅಂತ್ಯ ಮೊದಲೇ ಗೊತ್ತಾಗುತ್ತದೆ ಎಂಬ ಮಾತೂ ಬಂತು. ಇವರು ಅಲ್ಲಿಯವರೆಗೆ ಸುಮ್ಮನಿದ್ದರು. ಆಮೇಲೆ ಬಳಗದಲ್ಲೇ ಎಲ್ಲರಿಗಿಂತ ಕಿರಿಯಳಾದ ಯುವತಿ, ನಾಯಕಿ ಬೇಡವೆಂದ ಮೇಲೂ ನಾಯಕ ಮತ್ತೆ ಮತ್ತೆ ಮನೆ ಬಾಗಿಲಿಗೆ ಬಂದು ನಿಲ್ಲುವ ಅಧ್ಯಾಯದ ಮಾತೆತ್ತಿದಳು. "ಇದನ್ನ ಪ್ರೀತಿ ಅಂತ ಹೇಗೆ ಕರೀತಾರೆ? ನನಗೆ ನಗು ಬರಲಿಲ್ಲ, ಭಯ ಆಯ್ತು."

"ನಿನಗೆ ಪ್ರೀತಿ ಅಂದ್ರೆ ಏನಂತ ಗೊತ್ತಿದ್ರೆ ತಾನೇ!" ಅಂದುಬಿಟ್ಟರು ಇವರು. ಏಕವಚನದಲ್ಲಿ, ಎಲ್ಲರೆದುರು, ದನಿ ಏರಿಸಿ. ಆಕೆ ಚೀಲ ಎತ್ತಿಕೊಂಡು ಹೊರಟುಹೋದಳು. ಇವರೂ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಿದ್ದೆ ಕೆಟ್ಟಿತು. ಆ ಕಾದಂಬರಿಯ ಬಗ್ಗೆ ಯಾರು ಏನು ಬರೆದಿದ್ದಾರೆಂದು ನಡುರಾತ್ರಿ ಹುಡುಕಿ ಓದುವುದು, ಬೈದವರ ಮೇಲೆ ಒಳಗೊಳಗೇ ಕುದಿಯುವುದು ಶುರುವಾಯಿತು.

ಬಳಗದಲ್ಲಿ ಯಾರಿಗೂ ತಿಳಿಯದ ಸಂಗತಿಯೊಂದಿತ್ತು. ಏಳು ತಿಂಗಳ ಹಿಂದೆ ಅವರ ಹೆಂಡತಿ ತೀರಿಕೊಂಡಿದ್ದರು. ಆ ಪುಸ್ತಕ ಆಕೆಯದು. ಇಂಥ ಕಾದಂಬರಿಗಳನ್ನು ಅವರು ಹಿಂದೆಂದೂ ಕೈಯಲ್ಲಿ ಹಿಡಿದವರಲ್ಲ. ಹೆಂಡತಿ ಓದುವಾಗ "ಮತ್ತೆ ಅದೇ ಕಥೆನಾ?" ಎಂದು ಕೇಳುತ್ತಿದ್ದವರು. ಆಕೆ ಹೋದ ಮೇಲೆ ಕೈಗೆತ್ತಿಕೊಂಡರು. ಲಿಫ್ಟ್‌ನಲ್ಲಿ ನಾಯಕ ನಾಯಕಿ ಸಿಕ್ಕಿಹಾಕಿಕೊಳ್ಳುವ ಸನ್ನಿವೇಶದಲ್ಲಿ ಜೋರಾಗಿ ನಕ್ಕರು. ನಕ್ಕ ಮರುಕ್ಷಣ ಏನೋ ಅಪರಾಧ ಮಾಡಿದಂತೆನಿಸಿ ಪುಸ್ತಕ ಮುಚ್ಚಿಟ್ಟರಂತೆ.

ನಾನು ಮೊದಲು ನೋಡಿದ್ದು ದುಃಖ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು. ಹತ್ತಿರದವರು ತೀರಿಕೊಂಡು ಕನಿಷ್ಠ ಆರು ತಿಂಗಳಾದ ಮೇಲೂ ತೀವ್ರ ಹಂಬಲ ಬಿಡದೆ ಕಾಡುತ್ತಿದ್ದರೆ, ದಿನದ ಬದುಕು ನಿಂತೇ ಹೋಗಿದ್ದರೆ ಅದನ್ನು ದೀರ್ಘಕಾಲದ ಶೋಕದ ಸಮಸ್ಯೆಯಾಗಿ ಪರಿಗಣಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿಯಾದ ಐಸಿಡಿ-11ರಲ್ಲಿ ಅವಕಾಶವಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರ ಪರಿಷ್ಕರಣೆಯಲ್ಲಿ ವಯಸ್ಕರಿಗೆ ಇದಕ್ಕೆ ಕನಿಷ್ಠ ಹನ್ನೆರಡು ತಿಂಗಳ ಮಿತಿ ಇಟ್ಟಿದೆ. ಇವರು ಊಟ ಮಾಡುತ್ತಿದ್ದರು, ಕೆಲಸಕ್ಕೆ ಹೋಗುತ್ತಿದ್ದರು, ಹೆಂಡತಿಯ ಬಗ್ಗೆ ಮಾತಾಡುವಾಗ ಅಳುತ್ತಲೂ ಇದ್ದರು, ಮುಖ ಅರಳುತ್ತಲೂ ಇತ್ತು. ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಮನೋವೈದ್ಯರ ಬಳಿಗೆ ಕಳಿಸುವ ಅಗತ್ಯ ಕಾಣಲಿಲ್ಲ.

ನಗುವಿನ ಬಗ್ಗೆ ಅವರಿಗಿದ್ದ ತಪ್ಪಿತಸ್ಥ ಭಾವವನ್ನು ಮಾತ್ರ ಬಿಡಿಸಿ ಮಾತಾಡಲೇಬೇಕಿತ್ತು. 1997ರಲ್ಲಿ ಡಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನೊ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ ಸಂಗಾತಿಯನ್ನು ಕಳೆದುಕೊಂಡವರ ಬಗೆಗಿನದು. ತೀರಿಕೊಂಡವರ ಕುರಿತು ಮಾತಾಡುವಾಗ ಕಣ್ಣಂಚೂ ಸುಕ್ಕಾಗುವಂತೆ ನಿಜವಾಗಿ ನಕ್ಕವರಲ್ಲಿ ಸಂಕಟ ಕಡಿಮೆಯಿದ್ದುದು ಅದರಲ್ಲಿ ಕಂಡುಬಂತು. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆಯನ್ನೂ ಹೇಳಿದೆ: ಶೋಕದಲ್ಲಿರುವ ಮನಸ್ಸು ಕಳೆದುಕೊಂಡದ್ದರ ಕಡೆಗೆ ಸ್ವಲ್ಪ ಹೊತ್ತು, ಮುಂದಿನ ಬದುಕಿನ ಕಡೆಗೆ ಸ್ವಲ್ಪ ಹೊತ್ತು, ಹೀಗೆ ಹೋಗಿ ಬಂದು ಮಾಡುತ್ತಿರುತ್ತದೆ, ನಡುವೆ ಎರಡರಿಂದಲೂ ಬಿಡುವು ಬೇಕಾಗುತ್ತದೆ. "ಆ ಬಿಡುವು ನಿಮಗೆ ಈ ಪುಸ್ತಕದಲ್ಲಿ ಸಿಕ್ಕಿತು. ನಕ್ಕದ್ದರಿಂದ ಅವರನ್ನು ಮರೆತ ಹಾಗಾಗಲಿಲ್ಲ" ಎಂದೆ. ತುಂಬ ಹೊತ್ತು ಅತ್ತರು.

ಲಘು ಕಾದಂಬರಿಗಳನ್ನು 'ಕಾಲ ಕಳೆಯೋಕೆ ಸರಿ' ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಎಂಬುದು ಇಂಥ ಕಥೆ ಓದುಗರಿಗೆ ಮೊದಲ ಪುಟದಲ್ಲೇ ಕೊಡುವ ಮಾತು. ಏನೂ ಕೆಡುವುದಿಲ್ಲ ಎಂಬ ಆ ಭರವಸೆ ಇರುವುದರಿಂದಲೇ ಕಷ್ಟದಲ್ಲಿರುವವರು ಇವನ್ನು ಹಿಡಿದು ಕೂರುತ್ತಾರೆ. ಅಂತ್ಯ ಗೊತ್ತಾಗುತ್ತದೆ ಎನ್ನುವುದು ಹಾಗಾಗಿ ದೊಡ್ಡ ದೂರಲ್ಲ. ಒಂದು ಫೋನ್‌ನ ಗೊಂದಲವನ್ನು ಎಳೆದದ್ದು ದೂರೇ: ಪಾತ್ರಗಳು ತಮ್ಮ ಸ್ವಭಾವದಿಂದ ಬೇರಾಗಬೇಕು, ಲೇಖಕರ ಅನುಕೂಲಕ್ಕಾಗಿ ಅಲ್ಲ.

ಯುವತಿಯ ಮಾತು ಇವೆಲ್ಲಕ್ಕಿಂತ ಭಾರವಾದದ್ದು. ಅದನ್ನು ಇವರಿಗೆ ಹೇಗೆ ಮುಟ್ಟಿಸುವುದೆಂದು ಯೋಚಿಸುತ್ತಿದ್ದಾಗ, ಹೆಂಡತಿ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡುತ್ತಿದ್ದರೆಂದು ಅವರೇ ಹೇಳಿದರು. ಮುಂದಿನ ಸಲ ತರಲು ಹೇಳಿದೆ. ಗುರುತು ಮಾಡಿದ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಕೆಲವು ಕಡೆ ಆಕೆಗೆ ಯಾಕೆ ನಗು ಬಂತೋ ಇವರಿಗೆ ತಿಳಿಯಲಿಲ್ಲ. ಇವರು ಬಹಳ ಮೆಚ್ಚಿದ ಒಂದು ಪುಟದಲ್ಲಿ ಆಕೆಯ ಗುರುತೇ ಇರಲಿಲ್ಲ. ನಾಯಕ ಬಾಗಿಲಿಗೆ ಬಂದು ನಿಲ್ಲುವ ಅಧ್ಯಾಯದ ಅಂಚಿನಲ್ಲಿ ಎರಡು ಪದಗಳಿದ್ದವು: "ಅತಿಯಾಯ್ತು. ಬೇಡ." ಅದನ್ನು ಮೊದಲ ಓದಿನಲ್ಲಿ ನೋಡಿದ್ದು ಅವರಿಗೆ ನೆನಪಿತ್ತು, ಆದರೆ ನಿಂತು ಯೋಚಿಸಿರಲಿಲ್ಲ.

"ಹಾಗಾದ್ರೆ ಆ ಹುಡುಗಿ ಹೇಳಿದ್ದು ಸರಿ ಅಂತಾಯ್ತಾ?" ಎಂದು ಕೇಳಿದರು. ಜರ್ಮನಿಯ ಸಾಹಿತ್ಯ ಚಿಂತಕ ಹಾನ್ಸ್ ರಾಬರ್ಟ್ ಯೌಸ್ 1960ರ ದಶಕದಲ್ಲಿ ಹೇಳಿದ ಒಂದು ವಿಚಾರವನ್ನು ಅವರ ಮುಂದಿಟ್ಟೆ. ಓದುಗರು ಒಂದು ನಿರೀಕ್ಷೆಯ ಚೌಕಟ್ಟನ್ನು ಹೊತ್ತುಕೊಂಡೇ ಪುಸ್ತಕಕ್ಕೆ ಬರುತ್ತಾರೆ, ಕೃತಿಯ ಅರ್ಥ ಆ ಚೌಕಟ್ಟಿಗೆ ತಾಗಿಯೇ ಮೂಡುತ್ತದೆ. ಬೇಡವೆಂದ ಮೇಲೂ ಹಿಂದೆ ಬಿದ್ದವರಿಂದ ಕಷ್ಟಪಟ್ಟವರಿಗೆ ಆ ಅಧ್ಯಾಯ ಹಾಸ್ಯವಾಗಿ ಉಳಿಯುವುದಿಲ್ಲ. ಆಕೆಗೆ ಹಾಗಾಗಿತ್ತೋ ಇಲ್ಲವೋ, ನಾವು ಊಹಿಸಬೇಕಾಗಿಲ್ಲ. ಅಂಥ ಅನುಭವ ಇಲ್ಲದವರೂ ಆ ಪುಟದ ಬಗ್ಗೆ ಹಾಗೆ ಹೇಳಬಹುದು, ನಿಮ್ಮ ಹೆಂಡತಿ ಹೇಳಿದ್ದಾರೆ. ಒಂದೇ ಪುಸ್ತಕ ಆ ಯುವತಿಯನ್ನು ಹೆದರಿಸಿದ್ದು ನಿಜ, ನಿಮ್ಮನ್ನು ನಗಿಸಿದ್ದೂ ನಿಜ.

ಅಲ್ಲಿಂದ ಸಲಹೆಯ ಕಡೆಗೆ ಬಂದೆವು. ಮೊದಲನೆಯದು ಕ್ಷಮೆ. ಅವರು ಬರೆದು ತಂದ ಪತ್ರದ ಅರ್ಧ ಭಾಗ ಹೆಂಡತಿಯ ಸಾವಿನದ್ದೇ ಆಗಿತ್ತು. ಅದನ್ನು ತೆಗೆಯಲು ಹೇಳಿದೆ. ಅದನ್ನು ಓದಿದ ಮೇಲೆ ಆ ಯುವತಿಯೇ ನಿಮಗೆ ಸಮಾಧಾನ ಹೇಳಬೇಕಾಗುತ್ತದೆ, ನೊಂದವರ ಮೇಲೆ ಆ ಹೊರೆ ಹಾಕಬೇಡಿ ಎಂದೆ. 'ಆದರೆ' ಇರುವ ವಾಕ್ಯವನ್ನೂ ಹೊಡೆದುಹಾಕಿದೆವು. ಯಾಕೆ ಭಯವಾಯಿತು ಎಂದು ಕೇಳುವ ಸಾಲನ್ನೂ ಬಿಟ್ಟೆವು. ಉಳಿದದ್ದು ಇಷ್ಟು: ಎಲ್ಲರೆದುರು ನಿಮ್ಮನ್ನು ಅವಮಾನಿಸಿದೆ, ಅದು ತಪ್ಪು. ನೀವು ಆ ಅಧ್ಯಾಯದ ಬಗ್ಗೆ ಹೇಳಿದ್ದನ್ನು ಈಗ ಮತ್ತೆ ಓದಿ ಯೋಚಿಸಿದ್ದೇನೆ. ಉತ್ತರ ಬರೆಯಬೇಕೆಂದಿಲ್ಲ. ಆಕೆಯ ನಂಬರ್ ಹುಡುಕಿ ಫೋನ್ ಮಾಡಬೇಡಿ, ಬಳಗ ನಡೆಸುವವರ ಕೈಯಲ್ಲಿ ಪತ್ರ ಕೊಡಿ ಎಂದೂ ಹೇಳಿದೆ. ಬೇಡವೆಂದವರ ಬಾಗಿಲಿಗೆ ಹೋಗಿ ನಿಲ್ಲುವ ವಿಚಾರಕ್ಕೇ ಹುಟ್ಟಿದ ಜಗಳವಲ್ಲವೇ ಇದು.

ರಾತ್ರಿ ಅಭಿಪ್ರಾಯಗಳನ್ನು ಹುಡುಕಿ ಓದುವುದನ್ನು ಪೂರ್ತಿ ನಿಲ್ಲಿಸಿ ಎಂದೆ. ಮಲಗುವ ಮುನ್ನ ಫೋನ್ ಇನ್ನೊಂದು ಕೋಣೆಯಲ್ಲಿಡುವುದು ಅವರೇ ಕಂಡುಕೊಂಡ ದಾರಿ.

ಬಳಗಕ್ಕೆ ಮರಳುವ ವಿಷಯದಲ್ಲಿ ಹೆಚ್ಚು ಹೊತ್ತು ಅಭ್ಯಾಸ ಮಾಡಿದೆವು. ಯಾರಾದರೂ ನಿಮಗೆ ಪ್ರಿಯವಾದ ಪುಸ್ತಕವನ್ನು ಟೀಕಿಸಿದರೆ ಮೊದಲು "ಯಾವ ಪುಟದಲ್ಲಿ ಹಾಗನಿಸಿತು?" ಎಂದು ಕೇಳಿ. ಅಷ್ಟರಲ್ಲಿ ಮಾತು ನಿಮ್ಮಿಂದ ಪುಸ್ತಕಕ್ಕೆ ಸರಿಯುತ್ತದೆ. ನಿಮ್ಮ ಸರದಿ ಬಂದಾಗ "ಇದು ಒಳ್ಳೆಯ ಪುಸ್ತಕ" ಎಂದು ವಾದಿಸುವ ಬದಲು "ಇದು ನನಗೆ ಹೀಗೆ ಒದಗಿತು" ಎಂದು ಹೇಳಿ. ಎಷ್ಟು ಹೇಳಬೇಕೆನ್ನುವುದು ನಿಮಗೆ ಬಿಟ್ಟದ್ದು. ಸಾವಿನ ವಿಷಯ ತೆಗೆಯದೆಯೂ "ಬಹಳ ದಿನಗಳ ನಂತರ ನಕ್ಕೆ" ಎನ್ನಬಹುದು. ಈ ವಾಕ್ಯವನ್ನು ನನ್ನೆದುರು ಹೇಳುವಾಗಲೇ ಅವರ ಗಂಟಲು ಕಟ್ಟಿತು, ಹಾಗಾಗಿ ಮತ್ತೆ ಮತ್ತೆ ಹೇಳಿಸಿದೆ.

ಓದುಗರ ಬಳಗದಲ್ಲಿರುವವರಿಗೂ ಒಂದು ಮಾತು. ಪುಸ್ತಕ ಹಿಡಿಸಲಿಲ್ಲ ಎಂದು ಕಾರಣ ಸಮೇತ ಎಷ್ಟು ಬೇಕಾದರೂ ಕಟುವಾಗಿ ಹೇಳಿ, ಅದು ಆರೋಗ್ಯಕರ. "ಇಂಥದ್ದನ್ನೆಲ್ಲ ಯಾರು ಓದ್ತಾರೆ" ಎನ್ನಬೇಡಿ. ಓದಿದವರು ಅಲ್ಲೇ ಕೂತಿರುತ್ತಾರೆ.

ಯುವತಿಯಿಂದ ಎರಡು ಸಾಲಿನ ಉತ್ತರ ಬಂತು, ಕ್ಷಮೆಯನ್ನು ಒಪ್ಪಿಕೊಂಡಿದ್ದಳು. ಬಳಗಕ್ಕೆ ಆಕೆ ಇನ್ನೂ ಮರಳಿಲ್ಲ. ಮರಳುವುದು ಬಿಡುವುದು ಆಕೆಯ ಇಷ್ಟ ಎಂಬುದನ್ನು ಇವರು ಒಪ್ಪಿದ್ದಾರೆ, ಕಷ್ಟಪಟ್ಟು. ಇವರು ಹೋಗುತ್ತಿದ್ದಾರೆ. ನಿದ್ದೆ ಸುಧಾರಿಸಿದೆ. ಭೇಟಿಗಳನ್ನು ಕಡಿಮೆ ಮಾಡಿದ್ದೇವೆ. ಹೆಂಡತಿ ತೀರಿ ವರ್ಷವಾಗುವ ದಿನಗಳು ಹತ್ತಿರ ಬಂದಾಗ ದುಃಖ ಮತ್ತೆ ಉಕ್ಕುವುದು ಸಹಜ. ಆ ವಾರ ಒಬ್ಬರೇ ಇರದೆ ಮಗಳ ಜೊತೆ ಇರುವುದೆಂದು, ಅದಕ್ಕೆ ಮೊದಲೊಮ್ಮೆ ನನ್ನನ್ನು ಕಾಣುವುದೆಂದು ನಿಗದಿಯಾಗಿದೆ.