ಸೋತ ಮೇಲೂ ಕಣದಲ್ಲಿ ಯಾಕಿದ್ದಾರೆ ಅಂತ ಕೇಳಿದ ಅಳಿಯನಿಗೆ

ಗ್ರೀನ್‌ವಿಲ್, ಸೌತ್ ಕ್ಯಾರೊಲಿನಾ
ಫೆಬ್ರವರಿ 28, 2024

ಏನಪ್ಪಾ ಅಳಿಯ,

ಫೋನಲ್ಲಿ ಹೇಳಿದರೆ ಅರ್ಧಕ್ಕೇ "ಸರಿ ಮಾವ, ಸರಿ ಮಾವ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಬರೆದು ಕಳಿಸ್ತಿದ್ದೀನಿ. ಶನಿವಾರ ರಾತ್ರಿ ನೀನು ಕೇಳಿದ್ದು ಇಷ್ಟು: "ನಿಕ್ಕಿ ಹೇಲಿ ತನ್ನ ಸ್ವಂತ ರಾಜ್ಯದಲ್ಲೇ ಟ್ರಂಪ್ ಎದುರು ಇಪ್ಪತ್ತು ಪರ್ಸೆಂಟ್ ಹಿಂದೆ ಬಿದ್ದರು. ಆದರೂ ಕಣ ಬಿಡಲ್ಲ ಅಂತಾರೆ. ಮರ್ಯಾದೆ ಕಳ್ಕೊಳ್ಳೋದು ಬಿಟ್ಟು ಇನ್ನೇನು ಸಿಗುತ್ತೆ ಮಾವ? ನಮ್ಮ ಕಡೆಯವರು ಅಂತ ನಾವೇನಾದರೂ ಮಾಡಬೇಕಾ?" ಅದರ ಬಾಲಕ್ಕೆ ಕಾರು, ಮನೆ, ಕ್ರೆಡಿಟ್ ಕಾರ್ಡು.

ಬಾಲದಿಂದ ಶುರು ಮಾಡ್ತೀನಿ. ಕಾರು ಹಳೇ ಟೊಯೋಟಾ ಇಲ್ಲಾ ಹೋಂಡಾ ತಗೋ. ಮನೆ ಆಫೀಸಿಗೆ ಹತ್ತಿರ ಇರಲಿ. ಕಾರ್ಡಿನ ದುಡ್ಡು ಪ್ರತಿ ತಿಂಗಳು ಪೂರ್ತಿ ಕಟ್ಟು. ಮಿಕ್ಕಿದ್ದು ನಿಮ್ಮ ಕೇರಿ (Cary) ಊರಲ್ಲಿರೋ ನಿನ್ನ ರೂಮ್‌ಮೇಟುಗಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಹೇಲಿ ವಿಷಯ. ನಮ್ಮ ರಾಜ್ಯದ ಹಳೇ ಗವರ್ನರ್, ಈ ಸಲ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಟಿಕೆಟ್ ಕೇಳ್ತಾ ಟ್ರಂಪ್ ಎದುರು ನಿಂತವರು. ಆಕೆ ಗೆಲ್ಲಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಅಯೋವಾದಲ್ಲಿ ಮೂರನೇ ಸ್ಥಾನ. ನ್ಯೂ ಹ್ಯಾಂಪ್‌ಶೈರಿನಲ್ಲಿ 43 ಪರ್ಸೆಂಟ್ ಬಂತು, ಆದರೂ ಸೋಲು. ನೆವಾಡಾ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನ ಮತದಾರರೇ ಆರಿಸೋ ಓಟಿನಲ್ಲಿ, ಟ್ರಂಪ್ ಹೆಸರೇ ಇರಲಿಲ್ಲ. ಅಲ್ಲಿ "ಇವರಲ್ಲಿ ಯಾರೂ ಬೇಡ" ಅನ್ನೋ ಆಯ್ಕೆಗೆ ಆಕೆಗಿಂತ ಎರಡರಷ್ಟು ಓಟು ಬಿತ್ತು. ನಮ್ಮ ನೋಟಾ ಯಾವತ್ತಾದರೂ ಇಂಥ ಜಯ ಕಂಡಿದೆಯಾ! ಮೊನ್ನೆ 24ಕ್ಕೆ ಇಲ್ಲಿ 60–40. ನಿನ್ನೆ ಮಿಷಿಗನ್‌ನಲ್ಲಿ 27ರ ಹತ್ತಿರ. ಪಕ್ಷದ ಟಿಕೆಟ್‌ಗೆ, ಸಮಾವೇಶದಲ್ಲಿ ಅಭ್ಯರ್ಥಿಯನ್ನ ಆರಿಸೋ 2,429 ಪ್ರತಿನಿಧಿಗಳಲ್ಲಿ 1,215 ಜನ ಬೇಕು. ನಮ್ಮ ರಾಜ್ಯದಲ್ಲಿ ಆಕೆಗೆ ಸುಮಾರು 3 ಲಕ್ಷ ಓಟು ಬಂತು, 50 ಪ್ರತಿನಿಧಿಗಳಲ್ಲಿ ಸಿಕ್ಕಿದ್ದು ಮೂರೇ ಮೂರು, ಅದೂ ಚಾರ್ಲ್ಸ್‌ಟನ್ ಕಡೆ ಕ್ಷೇತ್ರದ್ದು. ರಾಜ್ಯ ಗೆದ್ದವರಿಗೆ 29 ಇಡಿಯಾಗಿ ಹೋಗುತ್ತೆ, ಏಳು ಕ್ಷೇತ್ರಗಳಲ್ಲಿ ಒಂದೊಂದು ಗೆದ್ದವರಿಗೂ ಮೂರು ಮೂರು. ಹಾಗಾಗಿ ನೂರಕ್ಕೆ ನಲವತ್ತು ಓಟು ತಗೊಂಡವರ ಕೈಗೆ ಹೆಚ್ಚುಕಮ್ಮಿ ಏನೂ ಬರಲ್ಲ.

ಹಾಗಿದ್ದರೆ ಯಾಕೆ ನಿಂತಿದ್ದಾರೆ ಅಂದರೆ, ಮೊದಲನೇದು, "ಸಾಕು, ಕೂತ್ಕೋ" ಅಂತ ಹೇಳೋ ಅಧಿಕಾರ ಇಲ್ಲಿ ಯಾರಿಗೂ ಇಲ್ಲ. ಈ ಮಾತು ನಿನಗೆ ಅರ್ಥ ಆಗೋಕೆ ಸ್ವಲ್ಪ ಕಾಲ ಬೇಕು, ನನಗೂ ಬೇಕಾಯ್ತು. ನಮ್ಮಲ್ಲಿ ಟಿಕೆಟ್ ಅಂದರೆ ದೆಹಲಿ. ಬಿ ಫಾರಂ ಕೈಗೆ ಬರೋ ತನಕ ಹಾಲಿ ಶಾಸಕರಿಗೂ ನಿದ್ದೆ ಇಲ್ಲ. ಸಿಗಲಿಲ್ಲ ಅಂದರೆ ಬಂಡಾಯ, ಇಲ್ಲಾ ಪಕ್ಕದ ಪಕ್ಷ. ಜಗದೀಶ ಶೆಟ್ಟರ್ ಹೋದ ವರ್ಷ ಟಿಕೆಟ್ ತಪ್ಪಿತು ಅಂತ ಕಾಂಗ್ರೆಸ್ಸಿಗೆ ಹೋಗಿ, ಹುಬ್ಬಳ್ಳಿಯಲ್ಲಿ ಸೋತು, ಮೊನ್ನೆ ಜನವರಿಯಲ್ಲಿ ವಾಪಸ್ ಬಿಜೆಪಿಗೇ ಬಂದರಲ್ಲ. ಇಲ್ಲಿ ಟಿಕೆಟ್ ಕೊಡೋರು ಮತದಾರರೇ. ಜನವರಿಯಿಂದ ಜೂನ್ ತನಕ, ಒಂದೊಂದೇ ರಾಜ್ಯ. ನ್ಯೂ ಹ್ಯಾಂಪ್‌ಶೈರ್ ಫಲಿತಾಂಶ ಬಂದ ರಾತ್ರಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೆ ರೊನ್ನಾ ಮೆಕ್‌ಡ್ಯಾನಿಯಲ್ಲೇ ಟಿವಿಯಲ್ಲಿ ಕೂತು, ಹೇಲಿಗೆ ದಾರಿ ಕಾಣ್ತಿಲ್ಲ, ಎಲ್ಲರೂ ಟ್ರಂಪ್ ಹಿಂದೆ ನಿಲ್ಲಬೇಕು ಅಂದರು. ಹೇಲಿ ಕೇಳಲಿಲ್ಲ. ಶಿಸ್ತು ಕ್ರಮ ಇಲ್ಲ, ಆರು ವರ್ಷ ಉಚ್ಚಾಟನೆ ಇಲ್ಲ.

ಇಲ್ಲಿ ಅಭ್ಯರ್ಥಿಯನ್ನ ಕಣದಿಂದ ಎಬ್ಬಿಸೋದು ದುಡ್ಡು. ವಿಮಾನ, ಜಾಹೀರಾತು, ಹುಡುಗರ ಸಂಬಳ ಇವಕ್ಕೆ ದುಡ್ಡು ನಿಂತ ದಿನ ಭಾಷಣ ಮಾಡಿ ಮನೆಗೆ ಹೋಗ್ತಾರೆ. ಅದಕ್ಕೇ ಭಾನುವಾರದ ಸುದ್ದಿ ಶನಿವಾರದ ಸೋಲಿಗಿಂತ ದೊಡ್ಡದು: ಕೋಟ್ಯಧಿಪತಿ ಉದ್ಯಮಿಗಳಾದ ಕೋಕ್ ಸಹೋದರರು ಕಟ್ಟಿದ ರಾಜಕೀಯ ಜಾಲದ ಸಂಸ್ಥೆ ಆಕೆಗಾಗಿ ಖರ್ಚು ಮಾಡೋದು ನಿಲ್ಲಿಸಿದೆ. ಮುಂದಿನ ಮಂಗಳವಾರ, ಮಾರ್ಚ್ 5ಕ್ಕೆ, ನಿಮ್ಮ ನಾರ್ತ್ ಕ್ಯಾರೊಲಿನಾ ಸೇರಿ ಹದಿನೈದು ರಾಜ್ಯ ಒಟ್ಟಿಗೆ ಓಟು ಹಾಕ್ತವೆ. ಅಲ್ಲಿಗೆ ಮುಗೀಬಹುದು ಅಂತ ನನ್ನ ಲೆಕ್ಕ.

ಇಷ್ಟು ಗೊತ್ತಿದ್ದೂ ನಿಂತಿರೋದಕ್ಕೆ ಎರಡನೇ ಕಾರಣ ಇದೆ. ಅದನ್ನ ಹೇಳೋಕೆ ನಾನು ಬಂದ ವರ್ಷಕ್ಕೆ ಹೋಗಬೇಕು.

2000ದ ಜನವರಿ. ವೈ2ಕೆ ಅನ್ನೋ ಕಂಪ್ಯೂಟರ್ ಇಸವಿ ಗಲಾಟೆ ಮುಗಿದು ಹೋಗಿತ್ತು, ಆದರೂ ಕಂಪನಿ ನನ್ನನ್ನ ಈ ರಾಜ್ಯದ ರಾಜಧಾನಿ ಕೊಲಂಬಿಯಾಗೆ ಕಳಿಸಿತ್ತು. ಇಲ್ಲಿಯ ವಿಧಾನಸಭೆ ಕಟ್ಟಡದ ಗುಮ್ಮಟದ ಮೇಲೆ ದೇಶದ ಬಾವುಟ, ರಾಜ್ಯದ ಬಾವುಟ, ಅದರ ಕೆಳಗೆ ಮೂರನೇದೊಂದು, ಕೆಂಪು ಬಟ್ಟೆಗೆ ನೀಲಿ ಗುಣಾಕಾರದ ಚಿಹ್ನೆ, ಅದರೊಳಗೆ ನಕ್ಷತ್ರ. ಚೆನ್ನಾಗಿದೆ ಅಂತ ಅದರ ಮುಂದೆ ನಿಂತು ಫೋಟೋ ತೆಗೆಸಿ ನಿಮ್ಮಮ್ಮನಿಗೆ ಕಳಿಸಿದ್ದೆ. ಗುಲಾಮಗಿರಿ ಉಳಿಸ್ಕೊಳ್ಳೋಕೆ ದೇಶ ಒಡೆದು ಯುದ್ಧ ಮಾಡಿದವರ ಬಾವುಟ ಅದು ಅಂತ ಗೊತ್ತಾಗಿದ್ದು ಜನವರಿ 17ಕ್ಕೆ, ಅದನ್ನ ಇಳಿಸಿ ಅಂತ ಸುಮಾರು 46,000 ಜನ ಅದೇ ಕಟ್ಟಡದ ಮುಂದೆ ಸೇರಿದಾಗ.

ಆ ಫೆಬ್ರವರಿಯಲ್ಲೂ ಪ್ರೈಮರಿ. ಬುಷ್ ಹತ್ತಿರ ದುಡ್ಡು, ಪಕ್ಷ ಎರಡೂ ಇತ್ತು. ಎದುರಿಗೆ ಜಾನ್ ಮೆಕೇನ್, ವಿಯೆಟ್ನಾಂನಲ್ಲಿ ಐದೂವರೆ ವರ್ಷ ಸೆರೆ ಇದ್ದವರು. ನ್ಯೂ ಹ್ಯಾಂಪ್‌ಶೈರ್ ಗೆದ್ದು ಬಂದಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಕಾರುಗಳ ವೈಪರಿಗೆ ಒಂದು ದಿನ ಕರಪತ್ರ ಸಿಕ್ಕಿಸಿದ್ದರು. ಮೆಕೇನ್‌ಗೆ ಕಪ್ಪು ಮಗು ಇದೆ, ಅದು ಮದುವೆಯಾಚೆ ಹುಟ್ಟಿದ್ದು ಅನ್ನೋ ಗುಸುಗುಸು ರಾಜ್ಯದ ತುಂಬ ಹಬ್ಬಿತ್ತು, ಫೋನ್ ಮಾಡಿ ಮಾಡಿ ಹಬ್ಬಿಸಿದ್ದರು. ನಿಜ ಏನಪ್ಪಾ ಅಂದರೆ, ಆ ಮಗು ಬಾಂಗ್ಲಾದೇಶದ ಅನಾಥಾಶ್ರಮದಿಂದ ತಂದು ಸಾಕಿದ ಮಗಳು. ನಮ್ಮ ಬಣ್ಣದ ಹುಡುಗಿ ಕಣೋ. ಮಗುವಿನ ಮೈಬಣ್ಣ ತೋರಿಸಿ ಓಟು ಕೀಳಬಹುದಾದ ಊರಿಗೆ ಬಂದಿದ್ದೀನಲ್ಲಾ ಅಂತ ಆ ರಾತ್ರಿ ಅನ್ನ ಸೇರಲಿಲ್ಲ. ಮೆಕೇನ್ 53–42ರಲ್ಲಿ ಸೋತರು. ಮೂರು ದಿನ ಬಿಟ್ಟು ಮಿಷಿಗನ್ ಗೆದ್ದರು, ಮಾರ್ಚ್ 9ಕ್ಕೆ ಕೈಬಿಟ್ಟರು. 2008ರಲ್ಲಿ ಬಂದು ಇದೇ ರಾಜ್ಯ ಗೆದ್ದು ಟಿಕೆಟ್ಟೂ ತಗೊಂಡರು.

ನಿಮ್ಮ ನಾರ್ತ್ ಕ್ಯಾರೊಲಿನಾದ್ದು ಇದಕ್ಕಿಂತ ಹಳೇ ಕಥೆ. 1976ರಲ್ಲಿ ಹಾಲಿ ಅಧ್ಯಕ್ಷ ಫೋರ್ಡ್ ಎದುರು ರೊನಾಲ್ಡ್ ರೇಗನ್ ನಿಂತರು. ನ್ಯೂ ಹ್ಯಾಂಪ್‌ಶೈರ್ ಹೋಯ್ತು, ಫ್ಲಾರಿಡಾ ಹೋಯ್ತು, ಇಲಿನಾಯ್ ಹೋಯ್ತು. ಕೈಯಲ್ಲಿ ಕಾಸಿಲ್ಲ, ಮೇಲೆ ಸಾಲ. ಸ್ವಂತ ಪಕ್ಷದವರೇ ಸಾಕು ಮಾಡಿ ಅಂತಿದ್ದರು. ಮಾರ್ಚ್ 23ಕ್ಕೆ ನಾರ್ತ್ ಕ್ಯಾರೊಲಿನಾ ಗೆದ್ದರು. ಅಲ್ಲಿಂದ ಆಗಸ್ಟಿನ ಕ್ಯಾನ್ಸಸ್ ಸಿಟಿ ಸಮಾವೇಶದ ತನಕ ಎಳೆದು 1,187ಕ್ಕೆ 1,070ರಲ್ಲಿ ಸೋತರು. ನಾಲ್ಕು ವರ್ಷಕ್ಕೆ ಅಧ್ಯಕ್ಷರಾದರು. ಸೋಲು ಗ್ಯಾರಂಟಿ ಅಂತ ಗೊತ್ತಿದ್ದೂ ನಿಲ್ಲೋರೆಲ್ಲ ಈ ಕಥೆಯನ್ನ ಜೇಬಲ್ಲಿಟ್ಟುಕೊಂಡೇ ಓಡಾಡ್ತಾರೆ. ಬಹಳ ಜನರಿಗೆ ಅದು ಜೇಬಲ್ಲೇ ಉಳಿಯುತ್ತೆ ಅನ್ನೋದು ಬೇರೆ ಮಾತು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಪ್ರೈಮರಿಯಲ್ಲಿ ಸ್ವಂತ ದುಡ್ಡು ಸುರಿದು ಮೂರನೇ ಸ್ಥಾನಕ್ಕೆ ಬಂದಾಗ ನಾವೆಲ್ಲ ನಕ್ಕಿದ್ದೆವು. ಈಗ ಅವರು ಡೆಟ್ರಾಯ್ಟ್‌ನಿಂದ ಸಂಸದ.

ಆದರೆ ನಾಳೆಯ ಲೆಕ್ಕ ಒಂದೇ ಅಲ್ಲ. ಶನಿವಾರ ನಾನು ಓಟು ಹಾಕಿದೆ. ಬ್ಯಾಪ್ಟಿಸ್ಟ್ ಚರ್ಚಿನ ಹಿಂದಿನ ಹಾಲ್, ಬಾಸ್ಕೆಟ್‌ಬಾಲ್ ಅಂಕಣದ ಗೆರೆಗಳ ಮೇಲೆ ಮೇಜು. ಎಂಬತ್ತು ದಾಟಿದ ಅಜ್ಜಿಯೊಬ್ಬರು ನನ್ನ ಲೈಸೆನ್ಸ್ ತಗೊಂಡು ಹೆಸರು ಓದೋಕೆ ಹೋಗಿ, ಅರ್ಧಕ್ಕೆ ಬಿಟ್ಟು "ಹನಿ" ಅಂದರು. ಮೂರನೇ ತಾರೀಕು ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಾಕಿಲ್ಲ ತಾನೇ ಅಂತ ನೋಡಿಕೊಂಡರು. ಈ ರಾಜ್ಯದಲ್ಲಿ ಪಕ್ಷದ ಸದಸ್ಯತ್ವ ಅಂತ ಇಲ್ಲ, ಯಾರು ಬೇಕಾದರೂ ಎರಡರಲ್ಲಿ ಒಂದಕ್ಕೆ ಹೋಗಬಹುದು. ಪರದೆಯ ಮೇಲೆ ಬೆರಳಿಟ್ಟರೆ ಉದ್ದನೆ ಕಾಗದದಲ್ಲಿ ಹೆಸರು ಅಚ್ಚಾಗಿ ಬರುತ್ತೆ, ಓದಿ ನೋಡಿ ಇನ್ನೊಂದು ಯಂತ್ರಕ್ಕೆ ತೂರಿಸಬೇಕು. ಶಾಯಿ ಇಲ್ಲ, ಅಂಗಿಗೆ ಒಂದು ಸ್ಟಿಕ್ಕರ್. ಪಟ್ಟಿಯಲ್ಲಿ ಆಗಲೇ ಮನೆಗೆ ಹೋಗಿದ್ದ ಡಿಸ್ಯಾಂಟಿಸ್, ಕ್ರಿಸ್ಟಿ, ರಾಮಸ್ವಾಮಿ ಎಲ್ಲರ ಹೆಸರೂ ಇತ್ತು. ಯಾರಿಗೆ ಹಾಕಿದೆ ಅಂತ ನಿಮ್ಮತ್ತೆಗೂ ಹೇಳಿಲ್ಲ, ನಿನಗೂ ಹೇಳಲ್ಲ.

ನನ್ನ ಮುಂದಿದ್ದ ದಪ್ಪನೆ ಮನುಷ್ಯ, ಬಿಎಂಡಬ್ಲ್ಯು ಕಾರ್ಖಾನೆಯ ಜಾಕೆಟ್, ಹೆಂಡತಿಗೆ ಹೇಳ್ತಿದ್ದ: "ಅವಳು ಸೋಲ್ತಾಳೆ, ಗೊತ್ತು. ನಾನು ಒಪ್ಪಲಿಲ್ಲ ಅನ್ನೋದು ಎಲ್ಲಾದರೂ ದಾಖಲಾಗಲಿ." ನಿನ್ನ ಪ್ರಶ್ನೆಗೆ ಉತ್ತರ ಅವನದೇ. ಆ ರಾತ್ರಿ ಹೇಲಿ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ, ನಲವತ್ತು ಐವತ್ತಲ್ಲ, ಆದರೆ ನಲವತ್ತು ಅಂದರೆ ಬೆರಳೆಣಿಕೆ ಜನವೂ ಅಲ್ಲ ಅಂತ. ಕಣದಲ್ಲಿ ಒಬ್ಬರಾದರೂ ನಿಂತಿದ್ದರೆ ತಾನೇ ಒಪ್ಪದವನ ಓಟಿಗೆ ಒಂದು ಅಂಕಿ? ನಿನ್ನೆ ಮಿಷಿಗನ್‌ನ ಡೆಮಾಕ್ರಟಿಕ್ ಕಡೆ ನೋಡು: ಗಾಜಾ ವಿಷಯಕ್ಕೆ ಬೈಡನ್ ಮೇಲೆ ಸಿಟ್ಟಾದ ಒಂದು ಲಕ್ಷಕ್ಕೂ ಹೆಚ್ಚು ಜನ "ಯಾರಿಗೂ ಬದ್ಧರಲ್ಲ" ಅನ್ನೋ ಕಡೆ ಗುರುತು ಹಾಕಿ ಬಂದಿದ್ದಾರೆ.

"ನಮ್ಮ ಕಡೆಯವರು" ಅಂದೆಯಲ್ಲ, ಅಲ್ಲಿ ಸ್ವಲ್ಪ ನಿಧಾನ. ಅಮೃತಸರದ ಕಡೆಯಿಂದ ಬಂದ ಸಿಖ್ ಮೇಷ್ಟ್ರ ಮಗಳು, ಹುಟ್ಟಿದ್ದು ಇಲ್ಲಿಯ ಬ್ಯಾಂಬರ್ಗ್ ಅನ್ನೋ ಪುಟ್ಟ ಊರಲ್ಲಿ. ಚಿಕ್ಕವಳಿದ್ದಾಗ ಅಕ್ಕನ ಜೊತೆ ಸೌಂದರ್ಯ ಸ್ಪರ್ಧೆಗೆ ಹೋದರೆ, ಒಂದು ಬಿಳಿ ರಾಣಿ, ಒಂದು ಕಪ್ಪು ರಾಣಿ ಮಾತ್ರ, ನಿಮ್ಮನ್ನ ಎಲ್ಲಿ ಸೇರಿಸೋಣ ಅಂತ ವಾಪಸ್ ಕಳಿಸಿದರಂತೆ. ನಾನು ಫೋಟೋ ತೆಗೆಸ್ಕೊಂಡಿದ್ದ ಆ ಬಾವುಟ, ಅದೇ ವರ್ಷ ಗುಮ್ಮಟದಿಂದ ಇಳಿದು ಕೆಳಗೆ ಆವರಣಕ್ಕೆ ಬಂದಿತ್ತು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನ ಕಪ್ಪು ಭಕ್ತರನ್ನ ಕೊಂದ ಮೇಲೆ ಆವರಣದಿಂದಲೂ ತೆಗೆಸಿದ್ದು ಗವರ್ನರ್ ಆಗಿದ್ದ ಈಕೆಯೇ. ಆವತ್ತು ನನಗೆ ಹೆಮ್ಮೆ ಆಯ್ತು, ಸುಳ್ಳು ಹೇಳಲ್ಲ. ಆದರೆ ಮೊನ್ನೆ ಡಿಸೆಂಬರಿನಲ್ಲಿ, ಅಂತರ್ಯುದ್ಧ ಯಾಕಾಯ್ತು ಅಂತ ನ್ಯೂ ಹ್ಯಾಂಪ್‌ಶೈರಿನಲ್ಲಿ ಒಬ್ಬ ಕೇಳಿದಾಗ ಗುಲಾಮಗಿರಿ ಅನ್ನೋ ಮಾತೇ ಬಾಯಿಂದ ಬರಲಿಲ್ಲ. ಹೋದ ಆಗಸ್ಟಿನ ಚರ್ಚೆಯಲ್ಲಿ, ಟ್ರಂಪ್‌ಗೆ ಶಿಕ್ಷೆಯಾದರೂ ಬೆಂಬಲಿಸ್ತೀರಾ ಅಂದಾಗ ಕೈ ಎತ್ತಿದವರಲ್ಲಿ ಆಕೆಯೂ ಒಬ್ಬರು. ಆ ಕಡೆ ಟ್ರಂಪ್ ಆಕೆಯ ಹುಟ್ಟುಹೆಸರನ್ನ ಬೇಕಂತಲೇ ತಪ್ಪು ತಪ್ಪಾಗಿ ಬರೀತಾರೆ. ಅಪ್ಪ ಅಮ್ಮ ಆಗ ಪ್ರಜೆಗಳಾಗಿರಲಿಲ್ಲ, ಹಾಗಾಗಿ ಆಕೆ ಅಧ್ಯಕ್ಷೆ ಆಗೋ ಹಾಗಿಲ್ಲ ಅನ್ನೋ ಸುಳ್ಳನ್ನೂ ಹಂಚಿದರು. ನಾಳೆ ನಿನಗೆ ಇಲ್ಲಿ ಮಗು ಹುಟ್ಟಿದರೆ ಅದಕ್ಕೂ ಇದೇ ಮಾತು ಬರುತ್ತೆ. ನಮ್ಮವರು ಅನ್ನೋದು ಅಷ್ಟು ಮಟ್ಟಿಗೆ ನಿಜ, ಅದಕ್ಕಿಂತ ಜಾಸ್ತಿ ಇಲ್ಲ.

ಈಗ ನೀನೇನು ಮಾಡಬೇಕು ಅನ್ನೋದು. ಇದನ್ನ ಎರಡು ಸಲ ಓದು. ನಿಮ್ಮ ಕಡೆ ಸಭೆ ಇದ್ದರೆ ಹೋಗಿ ಕೇಳು, ಫೋನ್ ನಂಬರ್ ಮಾತ್ರ ಕೊಡಬೇಡ, ಚುನಾವಣೆ ಮುಗಿದು ವರ್ಷಗಟ್ಟಲೆ ಮೆಸೇಜ್ ಬರುತ್ತೆ. ಒಂದು ಡಾಲರೂ ದೇಣಿಗೆ ಕೊಡಬೇಡ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಕೊಡೋದು ಕಾನೂನುಬಾಹಿರ. ನನ್ನ ಎದುರಾಳಿಗೆ ದುಡ್ಡು ಕೊಟ್ಟವರಿಗೆ ನನ್ನ ಪಾಳೆಯದಲ್ಲಿ ಶಾಶ್ವತ ನಿಷೇಧ ಅಂತ ಟ್ರಂಪ್ ಬರೆದಾಗ, ಹೇಲಿ ಕಡೆಯವರು ಅದನ್ನೇ ಟೀ-ಶರ್ಟ್ ಮೇಲೆ ಅಚ್ಚು ಹಾಕಿ ಮಾರಿದರು. ಅದನ್ನ ಕೊಂಡರೂ ದೇಣಿಗೆ ಅಂತಲೇ ಲೆಕ್ಕ. ಬೇಡ.

ಎಲ್ಲಕ್ಕಿಂತ ಮುಖ್ಯ, ಡಿಎಂವಿ, ಅಂದರೆ ಇಲ್ಲಿಯ ಆರ್‌ಟಿಒ. ಲೈಸೆನ್ಸಿಗೆ ಹೋದಾಗ ಕೌಂಟರಿನವರು ಹತ್ತು ಪ್ರಶ್ನೆ ಒಂದೇ ಉಸಿರಲ್ಲಿ ಕೇಳ್ತಾರೆ: ವಿಳಾಸ ಇದೇನಾ, ಅಂಗಾಂಗ ದಾನ ಮಾಡ್ತೀರಾ, ಓಟರ್ ಆಗಿ ಹೆಸರು ಸೇರಿಸ್ತೀರಾ. ನಾವು ಊರಿಂದ ಬಂದವರು, ಕೌಂಟರಿನಾಚೆ ಕೂತವರು ಕೇಳಿದ್ದಕ್ಕೆಲ್ಲ "ಯೆಸ್" ಅಂತ ತಲೆ ಆಡಿಸ್ತೀವಿ. ನನ್ನ ಜೊತೆ ಕೊಲಂಬಿಯಾದಲ್ಲಿದ್ದ ತೀರ್ಥಹಳ್ಳಿ ಕಡೆಯ ಗೆಳೆಯ ಹಾಗೇ ತಲೆ ಆಡಿಸಿದ, ಸಹಿ ಹಾಕಿದ. ಸಹಿಯ ಮೇಲೆ, ನಾನು ಈ ದೇಶದ ಪ್ರಜೆ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಮೂರು ವಾರಕ್ಕೆ ಅಂಚೆಯಲ್ಲಿ ಓಟರ್ ಕಾರ್ಡ್ ಬಂತು. ನೋಡ್ರೋ, ಎಷ್ಟು ಒಳ್ಳೆ ದೇಶ, ಬಂದ ವರ್ಷವೇ ಓಟು ಕೊಟ್ಟುಬಿಟ್ಟರು ಅಂತ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಒಂದು ಸಲವೂ ಓಟು ಹಾಕಲಿಲ್ಲ, ಸೋಮಾರಿ. ಗ್ರೀನ್ ಕಾರ್ಡ್ ಬಂತು, ಮನೆ ಕೊಂಡ, ಮಗಳು ಶಾಲೆಗೆ ಸೇರಿದಳು. ಪೌರತ್ವದ ಅರ್ಜಿಯಲ್ಲಿ ಪ್ರಶ್ನೆ ಇದೆ: ಯಾವತ್ತಾದರೂ ಓಟರ್ ಆಗಿ ನೋಂದಾಯಿಸಿದ್ದೀರಾ? ಪ್ರಾಮಾಣಿಕ ಮನುಷ್ಯ, ಹೌದು ಅಂತ ಬರೆದ. ಪ್ರಜೆ ಅಂತ ಸುಳ್ಳು ಹೇಳಿದವರಿಗೆ ಈ ದೇಶದ ಕಾನೂನಿನಲ್ಲಿ ಕ್ಷಮೆ ಅನ್ನೋದು ಇಲ್ಲವೇ ಇಲ್ಲ ಅನ್ನಬೇಕು. ಗೊತ್ತಿಲ್ಲದೆ ಆಯ್ತು ಅಂದರೂ ನಡೆಯಲಿಲ್ಲ. ವಕೀಲರಿಗೆ ಸುರಿದು ಸುರಿದು ಸಾಕಾಗಿ, ಅವರು ಕಳಿಸೋ ಮೊದಲು ನಾನೇ ಹೋಗ್ತೀನಿ ಅಂತ ಮೈಸೂರಿಗೆ ಹೊರಟ. ಮಗಳು ಹನ್ನೆರಡು ವರ್ಷದವಳು, ಕನ್ನಡ ಓದೋಕೆ ಬರ್ತಿರಲಿಲ್ಲ. ಏರ್‌ಪೋರ್ಟಿಗೆ ಬಿಟ್ಟು ಬಂದವನು ನಾನೇ. ಆ ಕಾರ್ಡ್ ನಾನೂ ಎಷ್ಟು ದಿನ ನೋಡಿದ್ದೆ ಆ ಫ್ರಿಜ್ಜಿನ ಮೇಲೆ, ಹಾಲು ತಗೊಳ್ಳೋಕೆ ಬಾಗಿಲು ತೆಗೆದಾಗಲೆಲ್ಲ.

ಹಾಗಾಗಿ ಆ ಪ್ರಶ್ನೆ ಬಂದಾಗ ಬಾಯಿಬಿಟ್ಟು "ನೋ" ಅನ್ನು, ಸಹಿ ಹಾಕೋ ಮೊದಲು ಓದು, ಹಿಂದೆ ಸಾಲು ಎಷ್ಟೇ ಉದ್ದ ಇರಲಿ. ಗುರುತು ತಪ್ಪು ಜಾಗಕ್ಕೆ ಬಿದ್ದಿದ್ದರೆ ಅಲ್ಲೇ ಹರಿದು ಹಾಕಿ ಹೊಸ ಫಾರಂ ಕೇಳು.

ಇಲ್ಲಿಯ ಓಟು ನಿನಗೆ ಸಿಗೋಕೆ ಈಗಿನ ಗ್ರೀನ್ ಕಾರ್ಡ್ ಕ್ಯೂ ನೋಡಿದರೆ ಬಹಳ ಕಾಲ ಹಿಡಿಯುತ್ತೆ. ನನಗೆ 2014ರಲ್ಲಿ ಪೌರತ್ವದ ಜೊತೆ ಇಲ್ಲಿಯ ಓಟು ಸಿಕ್ಕಿತು, ಆವತ್ತೇ ಊರಿನ ಓಟು ಹೋಯ್ತು. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿದ್ದರೆ ವೀಸಾ ಇಲ್ಲದೆ ತಿಪಟೂರಿಗೆ ಬರಬಹುದು, ಮತಗಟ್ಟೆಗೆ ಮಾತ್ರ ಹೋಗೋ ಹಾಗಿಲ್ಲ. ನಿನ್ನ ಕೈಯಲ್ಲಿ ಇನ್ನೂ ನಮ್ಮ ಪಾಸ್‌ಪೋರ್ಟ್ ಇದೆ. 6ಎ ಫಾರಂ ಅಂತ ಇದೆ, ಆನ್‌ಲೈನಲ್ಲೇ ತುಂಬಬಹುದು. ಹೊರದೇಶದಲ್ಲಿರೋ ಮತದಾರ ಅಂತ ಸೇರಿಸ್ಕೊಳ್ತಾರೆ, ಆದರೆ ಓಟು ಹಾಕೋಕೆ ಪಾಸ್‌ಪೋರ್ಟ್ ಹಿಡ್ಕೊಂಡು ಊರಿಗೇ ಹೋಗಬೇಕು. ಲೋಕಸಭೆ ಚುನಾವಣೆ ಇನ್ನೇನು ಘೋಷಣೆ ಆಗುತ್ತೆ. ರಜಾ ಸಿಗುತ್ತಾ ಅಂತ ಮ್ಯಾನೇಜರನ್ನ ಕೇಳಿ ನೋಡು, ವಿಮಾನದ ಟಿಕೆಟ್ಟಿಗೆ ಅರ್ಧ ದುಡ್ಡು ನಾನು ಹಾಕ್ತೀನಿ. ಅಕ್ಕನಿಗೆ ಈಗಲೇ ಹೇಳಬೇಡ, ಚಕ್ಕುಲಿ ಹಿಟ್ಟು ಬೀಸಿಸೋಕೆ ಹೊರಟುಬಿಡ್ತಾಳೆ.

ಮಾವ